ಅಣ್ಣ ತಂದ ಫಲಿತಾಂಶ

ಹೇರೋಹಳ್ಳಿ
ಸೋಮವಾರ

ಪುರುಷೋತ್ತಮಣ್ಣನಿಗೆ ನಮಸ್ಕಾರ.

ನಾವು ಚೆನ್ನಾಗಿದ್ದೇವೆ. ಅತ್ತಿಗೆಯ ಮಂಡಿನೋವು ಕಡಿಮೆಯಾಗಿದೆ ಎಂದುಕೊಂಡಿದ್ದೇನೆ.

ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿಕೊಂಡು, ಆಮೇಲೆ ಪಿಯುಸಿ ಕಟ್ಟೋಣ ಎಂದು ಮನಸ್ಸು ಮಾಡಿದ್ದೆ. ಹಳೆಯ ನೋಂದಣಿ ಸಂಖ್ಯೆ ಕೇಳಲು ಹೋದ ವಾರ ರಾಜಾಜಿನಗರದ ನಮ್ಮ ಶಾಲೆಗೆ ಹೋಗಿದ್ದೆ. ಆಫೀಸಿನ ಹುಡುಗಿ ರಿಜಿಸ್ಟರ್ ನೋಡಿ ನಕ್ಕಳು. "ಆಂಟಿ, ಮತ್ತೆ ಯಾಕೆ ಬರೀತೀರಾ? ಫಸ್ಟ್ ಕ್ಲಾಸಲ್ಲಿ ಪಾಸಾಗಿದೀರಲ್ಲ! ಮಾರ್ಕ್ಸ್ ಕಾರ್ಡೂ ತಗೊಂಡು ಹೋಗಿದಾರೆ," ಎಂದಳು. ಹೆಸರಿನ ಪಕ್ಕದಲ್ಲಿ ನಿನ್ನ ಸಹಿ ಇತ್ತು.

ಅವತ್ತು ಶಾಲೆಗೆ ಹೋಗಿ ಫಲಿತಾಂಶ ನೋಡಿ ಬಂದವನು ನೀನು. "ಲೆಕ್ಕದಲ್ಲಿ ಹೋಯ್ತು ಕಣೇ, ಬಿಡು," ಎಂದೆ. ನಾನು ನಂಬಿದೆ. ಆ ಶ್ರಾವಣದಲ್ಲೇ ನೀನು ನನ್ನ ಮದುವೆ ಮಾಡಿದೆ. ಮುಂದೆ ನನ್ನ ಮಕ್ಕಳು ಲೆಕ್ಕ ಹೇಳಿಸಿಕೊಳ್ಳಲು ಬಂದಾಗಲೆಲ್ಲ, "ನಾನು ಫೇಲು, ಅಪ್ಪನ್ನ ಕೇಳ್ರೋ" ಎಂದು ಕಳಿಸಿದ್ದೇನೆ.

ಪಿಯುಸಿಗೆ ಖಾಸಗಿಯಾಗಿ ಅರ್ಜಿ ಹಾಕಲು ಮೂಲ ಮಾರ್ಕ್ಸ್ ಕಾರ್ಡ್ ಬೇಕು. ಇನ್ನೊಂದು ಪ್ರತಿ ಬೇಕಾದರೆ, ಅದನ್ನು ನಾನೇ ಕಳೆದುಕೊಂಡೆ ಎಂದು ಅಫಿಡವಿಟ್ ಕೊಡಬೇಕಂತೆ. ನಾನು ಕೊಡುವುದಿಲ್ಲ. ನಿನ್ನ ಬೀರುವಿನಲ್ಲಿದ್ದರೆ ಗುರುವಾರದೊಳಗೆ ಕಳಿಸು. ಹರಿದು ಹಾಕಿದ್ದರೆ, ಹಾಗೆಂದು ನೀನೇ ಬರೆದುಕೊಡು.

ಯಾಕೆ ಹಾಗೆ ಮಾಡಿದೆ ಎಂದು ನಾನು ಕೇಳುವುದಿಲ್ಲ. ತೀರಿಹೋದ ಅಮ್ಮನಿಗೆ ಈ ವಿಷಯ ಗೊತ್ತಿತ್ತೇ ಎಂಬುದನ್ನು ಮಾತ್ರ ತಿಳಿಸು. ಗೊತ್ತಿದ್ದರೆ, ಗೊತ್ತಿರಲಿಲ್ಲ ಎಂದೇ ಬರೆ.

ಇತಿ,
ಅನಂತಲಕ್ಷ್ಮಿ