ನಿರ್ದೇಶಕರಿಗೊಂದು ಪ್ರತಿ

ಕ್ರಿ.ಶ. ೨೩೧೪, ಹದಿಮೂರನೆಯ ತಿಂಗಳ ಎರಡನೆಯ ದಿನ
ರಾಣೆಬೆನ್ನೂರು

ಶ್ರೀಮತಿ ಶಶಿರೇಖಾ ಹಂಚಿನಮನಿ ಅವರಿಗೆ,

ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ಆಫೀಸಿನ ಹಳೆಯ ಇಮೇಲ್‌ಗಳಿಂದ. ಮನೆಯವರನ್ನು ಊಟಕ್ಕೆ ಕರೆಯುವಾಗಲೂ ‘ದಯವಿಟ್ಟು ಗಮನಹರಿಸಿ’ ಎಂದೇ ಬಾಯಿಗೆ ಬರುತ್ತದೆ.

ನಾನು ಮರುಕೇಳ್ವೆಯ ಗುಮಾಸ್ತೆ. ಅನ್ಯಾಯವಾಗಿ ಕೆಲಸ ಕಳೆದುಕೊಂಡವರ ಕಡತವನ್ನು, ಅವರು ತೀರಿಕೊಂಡು ಎಷ್ಟೇ ಕಾಲವಾಗಿರಲಿ, ಮತ್ತೆ ತೆರೆದು ಕಳಂಕ ಅಳಿಸುವ ಕಚೇರಿಗೆ ನಾವು ಹಾಗೆನ್ನುತ್ತೇವೆ. ನಮ್ಮ ಕಾಲದಲ್ಲಿ ಯಾರನ್ನಾದರೂ ಕೆಲಸದಿಂದ ತೆಗೆಯಬೇಕಾದರೆ ಪತ್ರ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ. ಅವರ ಮನೆಗೆ ಹೋಗಿ, ಕೊಟ್ಟ ಮಜ್ಜಿಗೆ ಕುಡಿದು, ಎದುರು ಕೂತು ಗಟ್ಟಿಯಾಗಿ ಓದಬೇಕು. ಇದಕ್ಕೆ ಮುಖವೋದು ಎಂದು ಹೆಸರು. ಅರ್ಧ ಓದಿ ಪತ್ರ ಮಡಚಿಕೊಂಡು ಎದ್ದವರೇ ಹೆಚ್ಚು. ಹೋದ ವರ್ಷ ನಮ್ಮ ಮೇಲಧಿಕಾರಿ ನನ್ನ ಮನೆಗೂ ಬಂದಿದ್ದರು. ಎರಡು ಲೋಟ ಮಜ್ಜಿಗೆ ಕುಡಿದು, ಸೆಖೆಯ ಬಗ್ಗೆ ಮಾತಾಡಿ ಹೋದರು.

ನಿಮ್ಮ ಕಡತ ಓದಿದೆ. ಇಪ್ಪತ್ತು ವರ್ಷ ಸಹಕಾರ ಸಂಘದಲ್ಲಿ ದುಡಿದವರು ನೀವು. ಅಲ್ಲಿ ಪ್ರತಿ ಪತ್ರದ ಕೆಳಗೂ ‘ಮಾಹಿತಿಗಾಗಿ’ ಎಂದು ಮೇಲಿನವರ ಹೆಸರೆಲ್ಲ ಬರೆಯುವುದೇ ಮರ್ಯಾದೆ. ಬೀಜದ ಕಂಪನಿ ಸೇರಿದ ಮೇಲೂ ಅದೇ ರೂಢಿ. ಗೋದಾಮಿನ ತೂಕದ ಯಂತ್ರ ಕೆಟ್ಟಿದೆ ಎಂದು ಮ್ಯಾನೇಜರ್ ಪ್ರಣೀತ್ ಅವರಿಗೆ ಇಮೇಲ್ ಬರೆದು, ನಿರ್ದೇಶಕರಿಗೂ ಒಂದು ಪ್ರತಿ ಹಾಕಿದಿರಿ. ಪ್ರಣೀತ್‌ಗೆ ಅದು ಚಾಡಿಯಾಗಿ ಕಂಡಿತು. ಏನು, ಎತ್ತ ಎಂದು ಕೇಳದೆ, ‘ಅಶಿಸ್ತಿನ ಪತ್ರವ್ಯವಹಾರ’ ಎಂದು ಎರಡು ಸಾಲಿನ ಇಮೇಲಿನಲ್ಲಿ ನಿಮ್ಮನ್ನು ತೆಗೆದರು. ಅದನ್ನು ಇಡೀ ಆಫೀಸಿಗೂ ಕಳಿಸಿದರು. ಓದುವಾಗ ನನಗೆ ಸಿಟ್ಟು ಬಂತು. ಗುಮಾಸ್ತೆಗೆ ಬರಬಾರದು, ಬಂತು.

ನೀವು ಅವರಿಗೆ ಫೋನಿನಲ್ಲಿ ಆಡಿದ ಮಾತೂ ಕಡತದಲ್ಲಿದೆ: “ದೊಡ್ಡವ್ರಿಗೆ ತಿಳಸೂದು ಮರ್ಯಾದಿ ಅಲ್ಲೇನ್ರೀ ಸರ? ನಿಮ್ಮ ಮ್ಯಾಲ ನಾ ಯಾಕ ಚಾಡಿ ಹೇಳ್ಲಿ?”

ನಿಮ್ಮ ಕಾಲದಲ್ಲಿ ನಾಳೆ ಬೆಳಿಗ್ಗೆ ಪ್ರಣೀತ್ ನಿಮ್ಮ ಮುಂದೆ ಒಂದು ಕಾಗದ ಇಡುತ್ತಾರೆ. ‘ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ’ ಎಂದಿರುತ್ತದೆ. ಸಹಿ ಹಾಕಿದರೆ ತೆಗೆದ ಸಂಗತಿ ಮುಚ್ಚಿಹೋಗುತ್ತದೆ, ಒಳ್ಳೆಯ ಪ್ರಮಾಣಪತ್ರವೂ ಸಿಗುತ್ತದೆ ಎಂದು ನಯವಾಗಿ ಹೇಳುತ್ತಾರೆ. ಹಾಕಬೇಡಿ. ತಾವಾಗಿಯೇ ಬಿಟ್ಟವರ ಕಳಂಕ ಅಳಿಸಲು ನಮಗೆ ಅಧಿಕಾರವಿಲ್ಲ.

ನೀವು ಸಹಿ ಹಾಕಿದ ಆ ಕಾಗದ ಈಗ ನನ್ನ ಮೇಜಿನ ಮೇಲಿದೆ. ದುಂಡನೆಯ ಅಕ್ಷರ. ನಿಯಮದಂತೆ ಸಂಜೆಯೊಳಗೆ ಈ ಕಡತ ಮುಚ್ಚಬೇಕು. ಹಿಂದಿನ ಕಾಲಕ್ಕೆ ಪತ್ರ ತಲುಪುತ್ತದೆಂದು ಯಾರೂ ಖಾತ್ರಿ ಕೊಟ್ಟಿಲ್ಲ, ಆದರೂ ಕಳಿಸುತ್ತಿದ್ದೇನೆ. ಮುಚ್ಚುವ ಮೊದಲು ಇನ್ನೊಮ್ಮೆ ಆ ಕಾಗದ ನೋಡುತ್ತೇನೆ. ಶಶಿರೇಖಾ ಅವರೇ, ಸಹಿಯ ಜಾಗದಲ್ಲಿ ಏನೂ ಇರಬಾರದು.

ಮಿನುಗಿ ಕುಪ್ಪೇಲೂರ