ಗಂಟೆ ಬಾರಿಸಿದಾಗ ನಾನು ಎಲ್ಲಿದ್ದೆನೆಂದರೆ

ಬುಧವಾರ, ಸಂಜೆ
ಶಾಸಕರ ವಸತಿಗೃಹ, ಕಿಟಕಿ ಪಕ್ಕದ ಮೇಜು

ನನ್ನ ಗುಬ್ಬಿಗೆ,

ನೀನು ಫೋನ್ ಎತ್ತುವುದಿಲ್ಲವೆಂದು ಖಾತ್ರಿಯಾದ ಮೇಲೆ ಕಾಗದಕ್ಕೆ ಕೂತಿದ್ದೇನೆ. ಕಾಗದಕ್ಕೊಂದು ಅನುಕೂಲವಿದೆ, ನಡುವೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ನಿಜ. ಆದರೆ ನೀನು ಓದದೆ ಹರಿಯುವವಳಲ್ಲ. ಲಂಗ ಹಾಕುವ ಕಾಲದಿಂದ ನಿನ್ನನ್ನು ಬಲ್ಲೆ.

ನೀನು ಆಡಿದ ಮಾತನ್ನು ನಿನ್ನ ಮನೆಯವರು ನನಗೆ ತಲುಪಿಸಿದರು. ಪಾಪ, ಅರ್ಧ ನುಂಗಿ ಅರ್ಧ ಉಗುಳಿ. "ಒಡಹುಟ್ಟಿದವಳು ಯಂತ್ರದ ಮುಂದೆ ಬಿದ್ದಿದ್ರೆ, ಇವಳು ಎದುರು ಪಕ್ಷದವನ ಪ್ಯಾಂಟು ಹೊಲೀತಾ ಕೂತಿದ್ಲಂತೆ. ಇನ್ಮೇಲೆ ನನಗೆ ಅಕ್ಕ ಅನ್ನೋಳು ಯಾರೂ ಇಲ್ಲ" ಎಂದೆಯಂತೆ. ಪ್ಯಾಂಟಿನ ವಿಷಯ ನಿಜ. ಆಸ್ಪತ್ರೆಯ ವಾರ್ಡಿನಲ್ಲಿ ಯಾರೋ ತೆಗೆದ ಆ ಪಟ ಈಗ ಊರೆಲ್ಲ ಓಡಾಡುತ್ತಿದೆ. ಅದರಲ್ಲಿ ನನ್ನ ಬಾಯಲ್ಲಿ ದಾರ ಬೇರೆ ಇದೆ. ಅಕ್ಕ ಇಲ್ಲ ಎನ್ನುವುದು ಮಾತ್ರ ಸುಳ್ಳು. ಅಕ್ಕ ಇದ್ದಾಳೆ, ಗಟ್ಟಿಯಾಗಿಯೇ ಇದ್ದಾಳೆ, ತಾನು ಮಾಡಿದ್ದು ಸರಿಯೆಂದು ಹೇಳಲು ಪೆನ್ನು ಹಿಡಿದಿದ್ದಾಳೆ. ಮೊದಲಿನಿಂದ ಹೇಳುತ್ತೇನೆ, ಕೇಳು.

ಆರೋಗ್ಯ ಮಸೂದೆಯ ಮೇಲೆ ನಮ್ಮ ಸದನದಲ್ಲಿ ನಡೆದ ಚರ್ಚೆಯನ್ನು ನೀನು ಟಿವಿಯಲ್ಲಿ ನೋಡಿರುತ್ತೀ. ಯಾರೇ ಕಾಯಿಲೆ ಬಿದ್ದರೂ ಚಿಕಿತ್ಸೆಯ ಖರ್ಚು ಸರ್ಕಾರದ್ದು, ನಿನ್ನಂಥವರಿಗೆ ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಯಂತ್ರ ಊರಿಗೆ ಹತ್ತಿರದ ಆಸ್ಪತ್ರೆಯಲ್ಲೇ ಸಿಗಬೇಕು ಎಂಬುದು ನಮ್ಮ ಪಕ್ಷದ ಮಾತು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಶಾಲಾ ಮಕ್ಕಳ ಅಂಗಿ ಹೊಲಿದವಳು. ಅಂಕಿಸಂಖ್ಯೆ ನನಗೆ ಎರಡನೇ ಸಲ ಓದಿದರೇ ತಲೆಗೆ ಹತ್ತುವುದು. ಆದರೆ ನಿನ್ನ ಕೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಂಟು ಕಟ್ಟಿದ್ದನ್ನು ಕಂಡಿದ್ದೇನಲ್ಲ, ಹಾಗಾಗಿ ನಾಲಗೆ ತಡವರಿಸಲಿಲ್ಲ.

ಎದುರು ಸಾಲಿನಿಂದ ಎದ್ದವರು ಲೆಕ್ಕದ ಮೇಷ್ಟ್ರು. ಹೆಸರು ಏನಾದರೇನು, ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಸದನಕ್ಕೆ ಬಂದವರು, ಎಲ್ಲರ ಬಾಯಲ್ಲೂ ಮೇಷ್ಟ್ರೇ. "ನಮ್ಮ ಟೇಲರಕ್ಕ ಎಲ್ಲರಿಗೂ ಅಂಗಿ ಹೊಲಿದು ಕೊಡ್ತೀನಿ ಅಂತಾರೆ. ಸಂತೋಷ. ಬಟ್ಟೆ ಎಲ್ಲಮ್ಮಾ ಅಂದ್ರೆ ಸೂಜಿ ತೋರಿಸ್ತಾರೆ" ಎಂದರು. ಸದನ ಘೊಳ್ಳೆಂದಿತು. ನಾನು ಬಿಡುತ್ತೇನೆಯೇ? "ಮೇಷ್ಟ್ರೇ, ನಿಮ್ಮ ಹತ್ರ ಬಟ್ಟೆ ಎಷ್ಟಿದೆ ಅಂತ ಕೇಳ್ಕೊಂಡು ಚಳಿ ಬರೋದಿಲ್ಲ" ಎಂದೆ. ನಮ್ಮವರು ಮೇಜು ಕುಟ್ಟಿದರು. ಅವರು ಕನ್ನಡಕ ಒರೆಸಿಕೊಂಡು ಮೆಲ್ಲಗೆ, "ಚಳಿ ನಾಳೇನೂ ಬರುತ್ತಕ್ಕಾ. ಇದ್ದಬದ್ದ ಬಟ್ಟೆ ಥಾನೆಲ್ಲ ಇವತ್ತೇ ಕತ್ತರಿಸಿದ್ರೆ ನಾಳೆ ಹುಟ್ಟೋ ಕೂಸಿಗೆ ಏನು ಹೊದಿಸ್ತೀರಿ?" ಎಂದರು.

ಗುಬ್ಬೀ, ಆ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಖಾಸಗಿ ಆಸ್ಪತ್ರೆಯವರು ಬಾಯಿಗೆ ಬಂದ ದರ ಬರೆದು ಕಳಿಸುತ್ತಾ ಹೋದರೆ, ಖಜಾನೆ ತೂತುಬಿದ್ದ ಕೊಡವಾಗುತ್ತದೆ. ಮೊದಲು ದರ ಕಟ್ಟಿಹಾಕಿ, ಆಮೇಲೆ ಮಸೂದೆ ತನ್ನಿ ಎಂದು ಅವರ ಹಟ. ಮೊದಲು ಮಸೂದೆ, ದರದ ಮಾತು ದಾರಿಯಲ್ಲಿ ಎಂದು ನಮ್ಮ ಹಟ. ಒಂದೇ ಯಂತ್ರ, ಒಂದೇ ಗಂಟೆ, ನೀನು ಹೋದ ಮೂರು ಆಸ್ಪತ್ರೆಗಳಲ್ಲಿ ಮೂರು ಬೆಲೆ. ಮೊದಲು ಬೈದವಳು ನೀನೇ. ಅಂದರೆ ಮೇಷ್ಟ್ರ ಮಾತು ನಿನ್ನ ಬಾಯಲ್ಲೂ ಬಂದಿತ್ತು, ಮರೆತಿದ್ದೀ ಅಷ್ಟೆ.

ಈಗ ನಿನಗೆ ಹೇಳದೆ ಇಟ್ಟುಕೊಂಡ ವಿಷಯಕ್ಕೆ ಬರುತ್ತೇನೆ.

ನಮ್ಮ ಸದನದಲ್ಲಿ ಒಂದು ಹಳೇ ರೂಢಿಯಿದೆ, ಜೋಡಿ ಕಟ್ಟುವುದು ಅಂತ. ಒಂದು ಪಕ್ಷದವರಿಗೆ ಕಾಯಿಲೆಯೋ ಕಷ್ಟವೋ ಬಂದು ಮತದ ದಿನ ಬರಲಾಗದಿದ್ದರೆ, ಎದುರು ಪಕ್ಷದ ಒಬ್ಬರು ತಾವೂ ಹೊರಗುಳಿಯುತ್ತಾರೆ. ಇಬ್ಬರ ಮತವೂ ಇಲ್ಲ, ಹಾಗಾಗಿ ತಕ್ಕಡಿ ಅಲ್ಲಾಡುವುದಿಲ್ಲ. ಕಷ್ಟದಲ್ಲಿರುವವರ ಬೆನ್ನ ಹಿಂದೆ ಯಾರೂ ಗೆಲ್ಲಬಾರದು ಎಂಬ ಲೆಕ್ಕ. ಇದಕ್ಕೆ ಸಹಿಯಿಲ್ಲ, ಸಾಕ್ಷಿಯಿಲ್ಲ. ಬರೀ ಮಾತು.

ಹೋದ ವರ್ಷ ನಿನ್ನನ್ನು ಮೊದಲ ಸಲ ಯಂತ್ರಕ್ಕೆ ಹಾಕಿದ ದಿನ ನೆನಪಿದೆಯೇ? ನಾನು ಬಂದು ಸಂಜೆಯವರೆಗೆ ನಿನ್ನ ಕೈ ಹಿಡಿದು ಕೂತಿದ್ದೆ. "ಸದನ ಇಲ್ವೇನೇ ಅಕ್ಕಾ?" ಎಂದು ಕೇಳಿದೆ. "ರಜೆ ಕಣೇ" ಎಂದಿದ್ದೆ. ರಜೆಯೂ ಇಲ್ಲ, ಮಣ್ಣೂ ಇಲ್ಲ. ಅಂದು ಮತವಿತ್ತು. ಆಸ್ಪತ್ರೆಗಳ ದರದ ಮೇಲೆ ಕಣ್ಣಿಡಲು ಒಂದು ಮಂಡಳಿ ಬೇಕೆಂದು ಮೇಷ್ಟ್ರೇ ತಂದ ನಿರ್ಣಯ, ವರ್ಷಗಟ್ಟಲೆ ತಿದ್ದಿ ತೀಡಿ ತಂದದ್ದು. ನಮ್ಮ ಪಕ್ಷ ಆಗ ಅದಕ್ಕೆ ವಿರೋಧ. ಬೆಳಿಗ್ಗೆ ಮೊಗಸಾಲೆಯಲ್ಲಿ ಮೇಷ್ಟ್ರು ನನ್ನ ಮುಖ ನೋಡಿ, "ಏನಕ್ಕಾ, ಬಣ್ಣ ಕೆಟ್ಟಿದೆ?" ಎಂದರು. ತಂಗಿಯನ್ನು ಯಂತ್ರಕ್ಕೆ ಹಾಕುತ್ತಿದ್ದಾರೆ ಎಂದೆ. "ಹೋಗಿ, ನಾನು ಹೊರಗಿರ್ತೀನಿ" ಎಂದವರೇ ಚಹಾದಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟರು. ಅವರದೇ ನಿರ್ಣಯ, ಗುಬ್ಬೀ. ಒಂದೇ ಮತದಲ್ಲಿ ಬಿತ್ತು. ಅವರೊಬ್ಬರು ಒಳಗೆ ಕಾಲಿಟ್ಟಿದ್ದರೆ ಸಮಸಮವಾಗಿ, ಬೀಳದೆ ಉಳಿಯಬಹುದಿತ್ತು. ಮಾರನೇ ದಿನ ನಾನು ಬಾಯಿ ತೆರೆಯುವ ಮೊದಲೇ, "ತಂಗಿ ಊಟ ಮಾಡಿದ್ಲಾ?" ಎಂದು ಕೇಳಿದರು. ಅಷ್ಟೇ. ನಿರ್ಣಯದ ಮಾತನ್ನೇ ಎತ್ತಲಿಲ್ಲ.

ಈ ತಿಂಗಳು ಸದನದ ಮೆಟ್ಟಿಲ ಮೇಲೆ ಜಾರಿ ಅವರೇ ಕಾಲು ಮುರಿದುಕೊಂಡರು. ಸ್ಟ್ರೆಚರಿನಲ್ಲಿ ಮಲಗಿಸುವಾಗ ನಾನು ಬಗ್ಗಿ, "ಮೇಷ್ಟ್ರೇ, ನಾನು ಹೊರಗಿರ್ತೀನಿ" ಎಂದೆ. ನೋವಿನಲ್ಲೂ ನಕ್ಕರು. "ಯಾವ ಮತ ಅಂತ ಗೊತ್ತೇನಕ್ಕಾ?" ಎಂದರು. ಗೊತ್ತು ಎಂದೆ.

ಗೊತ್ತಿತ್ತು. ಮಸೂದೆಯನ್ನು ಇಲ್ಲಿಗೇ ಕೈಬಿಡುವುದೋ, ಇಲ್ಲ ಕಲಮು ಕಲಮಾಗಿ ತಿದ್ದಲು ಸಮಿತಿಗೆ ಕಳಿಸುವುದೋ ಎಂಬ ಮತ. ನಾವಿಬ್ಬರೂ ಹೊರಗಿದ್ದರೆ ಎರಡು ಪಕ್ಷವೂ ಸಮಸಮ. ನಾನೊಬ್ಬಳು ಒಳಗೆ ಹೋದರೆ ನಮ್ಮ ಗೆಲುವು. ಅವರೊಬ್ಬರು ಹೋದರೆ ಅವರ ಗೆಲುವು. ಸಮಸಮ ಬಿದ್ದರೆ ಸಭಾಧ್ಯಕ್ಷರ ಒಂದು ಮತ. ಸಭಾಧ್ಯಕ್ಷರು ಮೇಷ್ಟ್ರ ಪಕ್ಷದಿಂದ ಗೆದ್ದು ಬಂದವರು. ಮಸೂದೆ ಸತ್ತಂತೆಯೇ ಎಂದು ನಮ್ಮವರೆಲ್ಲ ತಲೆ ಮೇಲೆ ಕೈ ಹೊತ್ತರು.

ನಮ್ಮ ಸಚೇತಕರನ್ನು ನೀನು ಬಲ್ಲೆ. ಕುರಿ ಎಣಿಸಿದಂತೆ ನಮ್ಮ ತಲೆ ಎಣಿಸಿ ಮತಕ್ಕೆ ಅಟ್ಟುವ ಕೆಲಸ ಅವರದು. ಬಾಯಲ್ಲಿ ಬೆಲ್ಲ, ಕೈಯಲ್ಲಿ ಕೋಲು. "ಅಕ್ಕಾ, ಬಾಯಿಮಾತಿಗೆಲ್ಲ ಕಾನೂನಲ್ಲಿ ಬೆಲೆ ಇಲ್ಲ" ಎಂದರು. "ಅದಕ್ಕೇ ಅದನ್ನ ನಾನು ಕಾಯ್ಬೇಕಪ್ಪ, ಕಾನೂನು ಕಾಯೋ ಹಾಗಿದ್ರೆ ನಾನ್ಯಾಕೆ?" ಎಂದೆ. ನನ್ನ ಹತ್ತಿರ ಬೇಳೆ ಬೇಯಲಿಲ್ಲವೆಂದು ನಿನಗೆ ಫೋನ್ ಮಾಡಿದರು. ಯಂತ್ರಕ್ಕೆ ಕಟ್ಟಿಸಿಕೊಂಡು ಅಲ್ಲಾಡಲಾಗದೆ ಕೂತ ನಿನ್ನ ಕಿವಿಗೆ, "ನಿಮ್ಮಕ್ಕನ ಒಂದು ಮತದಲ್ಲಿದೆ ನಿಮ್ಮ ಜೀವ" ಎಂದು ಊದಿದರು. ಆಗ ನೀನು ನನಗೆ ಫೋನ್ ಮಾಡಿ ಅತ್ತೆಯಲ್ಲ, ಆ ಅಳು ಈಗಲೂ ನನ್ನ ಕಿವಿಯಲ್ಲಿದೆ. ಅದಕ್ಕಾಗಿ ಸಚೇತಕರನ್ನು ಇವತ್ತು ಮೊಗಸಾಲೆಯಲ್ಲಿ ಎಲ್ಲರೆದುರಿಗೆ ನಿಲ್ಲಿಸಿ ಕೇಳಿದ್ದೇನೆ. ಏನು ಕೇಳಿದೆನೆಂದು ಬರೆಯಲಾರೆ, ಕಾಗದಕ್ಕೂ ಮಾನವಿದೆ.

ಅಂದು ನಿನಗೆ "ಆಗಲ್ಲ ಕಣೇ" ಎಂದು ಹೇಳಿ ಫೋನ್ ಇಟ್ಟೆ. ಕಾರಣ ಹೇಳಲಿಲ್ಲ. ನಿನಗಾಗಿ ಒಬ್ಬರು ಸೋತಿದ್ದಾರೆ ಎಂಬ ಭಾರವನ್ನು ಆ ಕುರ್ಚಿಯಲ್ಲಿ ಕೂತವಳ ಎದೆಯ ಮೇಲೆ ಇಡಲು ಮನಸ್ಸಾಗಲಿಲ್ಲ. ಈಗ ಇಡುತ್ತಿದ್ದೇನೆ, ನೀನು ಹೊರಬಲ್ಲೆ.

ಮತದ ದಿನ ಬೆಳಿಗ್ಗೆ ಮೇಷ್ಟ್ರು ಆಸ್ಪತ್ರೆಯಿಂದ ಹೇಳಿಕಳಿಸಿದರು, "ಬ್ಯಾಂಡೇಜ್ ಮೇಲೆ ಪ್ಯಾಂಟು ಏರ್ತಿಲ್ಲ, ಟೇಲರಕ್ಕ ಬಿಡುವಾಗಿದ್ರೆ ಸೂಜಿದಾರ ಹಿಡ್ಕೊಂಡು ಬರಲಿ" ಎಂದು. ಬಿಡುವಾಗಿ ಇದ್ದೆನಲ್ಲ! ಹೋದೆ. ಅವರದು ಸಾಲಿನ ನಡುವಿನ ಮಂಚ. ಒಂದು ಕಡೆ ಕೆಮ್ಮು, ಇನ್ನೊಂದು ಕಡೆ ಗೊರಕೆ, ನಡುವೆ ಇವರು ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ರೇಡಿಯೋ ತಿರುವುತ್ತಿದ್ದರು. ನಾನು ಕುರ್ಚಿ ಎಳೆದು, ಪ್ಯಾಂಟಿನ ಎಡಗಾಲಿನ ಹೊಲಿಗೆಯನ್ನು ತೊಡೆಯವರೆಗೂ ಬಿಚ್ಚಿದೆ. ಅಡ್ಡಪಟ್ಟಿ ಕೊಟ್ಟು ಅಗಲ ಮಾಡಬೇಕಿತ್ತು.

ಆಗ ಬಂತು ನೋಡು ದಂಡು. ಅವರ ಪಕ್ಷದ ಸಚೇತಕರು, ಹಿಂದೆ ಇಬ್ಬರು, ಗಾಲಿಕುರ್ಚಿ. ಕೋಲು ಹಿಡಿಯುವುದರಲ್ಲಿ ನಮ್ಮವರಿಗೆ ಅಣ್ಣ ಅವರು! ನಾನು ಹೊರಗಿರುವುದು ಗ್ಯಾರಂಟಿ, ಇವರನ್ನು ಹೊತ್ತೊಯ್ದರೆ ಗೆದ್ದಂತೆ ಎಂದು ಲೆಕ್ಕ ಹಾಕಿದ್ದರು. ನನ್ನನ್ನು ನೋಡಿ ಬಾಗಿಲಲ್ಲೇ ತಬ್ಬಿಬ್ಬಾದರು. "ಅಕ್ಕ ಇಲ್ಲಿ ಕಾವಲಾ?" ಎಂದರು. ಮೇಷ್ಟ್ರು, "ನಾನು ಅಕ್ಕನಿಗೆ ಕಾವಲು, ಅಕ್ಕ ನನಗೆ ಕಾವಲು. ಏನ್ ಬಂದ್ರಿ?" ಎಂದು ಕೇಳಿದರು.

"ಗಾಡಿ ಕೆಳಗಿದೆ ಮೇಷ್ಟ್ರೇ, ಹೋಗಿ ಕೈ ಎತ್ತಿ ಬಂದುಬಿಡಿ. ಹತ್ತೇ ನಿಮಿಷ."

"ಪ್ಯಾಂಟು ಅಕ್ಕನ ಮಡಿಲಲ್ಲಿದೆ. ಹೀಗೇ ಬರ್ಲೇನು, ಚಾದರ ಸುತ್ಕೊಂಡು?"

"ಬೇಗ ಹೊಲಿಯಿರಿ ಅಕ್ಕಾ!"

ನಾನು ಸೂಜಿಗೆ ದಾರ ಪೋಣಿಸುತ್ತಾ, "ವಯಸ್ಸಾಯ್ತಪ್ಪ, ಸೂಜಿಕಣ್ಣು ಕಾಣೋದಿಲ್ಲ" ಎಂದೆ. ಪಕ್ಕದ ಮಂಚದ ಕೆಮ್ಮು ನಗುವಾಗಿಹೋಯಿತು. ಮೇಷ್ಟ್ರು ಮಾತ್ರ ನಗಲಿಲ್ಲ. ದಂಡಿನವರನ್ನು ದಿಟ್ಟಿಸಿ ನೋಡಿ, "ನನ್ನ ಕಾಲಿಗೆ ನೆಲ ಮುಟ್ಟಿಸೋ ಹಾಗಿಲ್ಲ. ನಡೀರಿ" ಎಂದರು. ಮೂವತ್ತು ವರ್ಷ ತರಗತಿಯನ್ನು ಕೂರಿಸಿದ ದನಿ ಅದು. ಖಾಲಿ ಗಾಲಿಕುರ್ಚಿ ಕಿರುಗುಟ್ಟುತ್ತಾ ಬಂದ ದಾರಿ ಹಿಡಿಯಿತು.

ರೇಡಿಯೋದಲ್ಲಿ ಮತಕ್ಕೆ ಕರೆಯುವ ಗಂಟೆ ಬಾರಿಸಿತು. ಸದನದ ಬಾಗಿಲು ಹಾಕಿದರು ಎಂದು ರೇಡಿಯೋದವರು ಹೇಳಿದರು. ಆ ಹೊತ್ತಿನಲ್ಲಿ ನನ್ನ ಕೈ ನಿಂತಿತು, ಸುಳ್ಳು ಹೇಳುವುದಿಲ್ಲ. ಮೇಷ್ಟ್ರು ಅತ್ತ ತಿರುಗಿಕೊಂಡು, "ಸಮಸಮ ಬಿದ್ರೆ ಅಧ್ಯಕ್ಷರು ಯಾವ ಕಡೆ ಹಾಕ್ತಾರೆ ಅಂತ ನಿಮ್ಮವರು ಹೇಳಿದಾರೆ?" ಎಂದು ಕೇಳಿದರು. ನಿಮ್ಮ ಕಡೆಗೇ ಅಲ್ಲವೇ ಎಂದೆ. "ಇದೂ ಹಳೇ ರೂಢಿ ಅಕ್ಕಾ. ಮಾತು ಮುಗಿದಿಲ್ಲ ಅಂದ್ರೆ ಅಧ್ಯಕ್ಷರ ಮತ ಮಾತು ಮುಂದುವರಿಯೋ ಕಡೆಗೆ. ಅವರು ಒಳ್ಳೆಯವರಾಗಿದ್ರೆ ಹಾಗೇ ಹಾಕ್ತಾರೆ. ಒಳ್ಳೆಯವರು ಅಂತ ನಾನು ನಂಬಿದೀನಿ" ಎಂದರು.

ಒಳ್ಳೆಯವರೇ. ಸಮಸಮ ಬಿತ್ತು, ಅಧ್ಯಕ್ಷರು ತಮ್ಮ ಪಕ್ಷದವರ ಮುಖ ನೋಡದೆ ಮಸೂದೆಯನ್ನು ಸಮಿತಿಗೆ ಕಳಿಸಿದರು. ನಾನು ಪ್ಯಾಂಟಿನಿಂದಲೇ ಕಣ್ಣೊರೆಸಿಕೊಂಡೆ. "ಅದಕ್ಕೆ ಇಸ್ತ್ರಿ ಮಾಡ್ಸಿದ್ದೆ" ಎಂದು ಗೊಣಗಿದರು ಮೇಷ್ಟ್ರು.

ಸಮಿತಿಯಲ್ಲಿ ನಾನೂ ಇದ್ದೇನೆ, ಅವರೂ ಇದ್ದಾರೆ. ಮೊದಲ ದಿನವೇ ದರ ಕಟ್ಟುವ ಕಲಮನ್ನು ತರುತ್ತಾರೆ, ನಾನು ಕೈ ಎತ್ತುತ್ತೇನೆ. ನಮ್ಮ ಸಚೇತಕರು ಹಲ್ಲು ಕಡಿಯಲಿ. ಬಟ್ಟೆ ಎಷ್ಟಿದೆ ಎಂದು ಅವರು ಅಳೆಯುತ್ತಾರೆ, ಯಾರ ಮೈಗೂ ಕಡಿಮೆ ಬೀಳದಂತೆ ನಾನು ಕತ್ತರಿ ಆಡಿಸುತ್ತೇನೆ. ಜಗಳ ಆಡುತ್ತೇವೆ, ಮೇಜು ಕುಟ್ಟುತ್ತೇವೆ. ಆದರೆ ಈ ಮಸೂದೆ ಕಾನೂನಾಗುತ್ತದೆ, ಬರೆದಿಟ್ಟುಕೋ. ಒಬ್ಬರ ಕಾಲು ಮುರಿದಾಗ ಕದ್ದು ಗೆದ್ದ ಕಾನೂನನ್ನು ಮುಂದಿನವರು ಬಂದು ಕದ್ದೇ ಕೆಡವುತ್ತಾರೆ. ನಿನ್ನ ಯಂತ್ರ ಅಂಥ ಹೊಲಿಗೆಯ ಮೇಲೆ ನಿಲ್ಲುವುದು ನನಗೆ ಬೇಡ. ನಾನು ಹಾಕಿದ ಹೊಲಿಗೆ ಬಿಚ್ಚಿದ್ದನ್ನು ನೀನು ಎಂದಾದರೂ ಕಂಡಿದ್ದೀಯಾ?

ನಾಳೆ ನಿನ್ನ ಯಂತ್ರದ ದಿನ. ನಾನು ಬರುತ್ತೇನೆ. ಈ ಸಲ ನಿಜವಾಗಿಯೂ ರಜೆ. ಮಾತಾಡದಿದ್ದರೂ ಚಿಂತೆಯಿಲ್ಲ, ಮುಖ ಗೋಡೆಗೆ ತಿರುಗಿಸಿಕೊ, ಆದರೆ ಕೈ ಮಾತ್ರ ಈ ಕಡೆ ಇರಲಿ.

ನೀನು ಇಲ್ಲ ಎಂದರೂ ಇರುವ,
ನಿನ್ನ ಅಕ್ಕ

ಮರೆತಿದ್ದೆ: ನಾನು ಹೊರಡುವಾಗ ಮೇಷ್ಟ್ರು, "ಸ್ವಲ್ಪ ಆ ಕಿಟಕಿ ಕಡೆ ತಿರುಗಿ ಅಕ್ಕಾ" ಎಂದರು. ತಿರುಗಿದೆ. ಕಪಾಟಿನ ಬಾಗಿಲ ಸದ್ದಾಯಿತು. ಮತ್ತೆ ನೋಡಿದರೆ ಮನುಷ್ಯ ಎದ್ದು ನಿಂತಿದ್ದಾರೆ, ಎಡಗಾಲು ಆಗಲೇ ಅಗಲ ಮಾಡಿಸಿಟ್ಟ ಇನ್ನೊಂದು ಪ್ಯಾಂಟು ತೊಟ್ಟು, ಕೈಯಲ್ಲಿ ವಾಕರ್ ಹಿಡಿದು. ಲಿಫ್ಟಿನವರೆಗೂ ಬಂದು ನನ್ನನ್ನು ಕಳಿಸಿಕೊಟ್ಟರು. ಇದೇ ನಡಿಗೆಯಲ್ಲಿ ಸದನದ ಬಾಗಿಲೂ ದಾಟಬಹುದಿತ್ತು. ಲಿಫ್ಟಿನ ಬಾಗಿಲು ಮುಚ್ಚುವಾಗ, "ತಂಗಿ ಊಟ ಮಾಡಿದ್ಲಾ?" ಎಂದರು. ಇದನ್ನು ಯಾರ ಹತ್ತಿರವೂ ಬಾಯಿ ಬಿಡಬೇಡ ಗುಬ್ಬೀ. ಅವರ ಪಕ್ಷದವರಿಗೆ ತಿಳಿದರೆ ಇನ್ನೊಂದು ಕಾಲನ್ನೂ ಮುರಿದಾರು.