ಕುಂಡಗಳು ಇದ್ದಲ್ಲೇ ಇವೆ

ಮನೆಯ ತಾರಸಿಯಿಂದ
ಶನಿವಾರ, ಮಾರ್ಚ್ ೮

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಹಡಗಿನ ಅಡುಗೆಯವನು ಈಗಲಾದರೂ ಅನ್ನವನ್ನು ಅನ್ನದ ಹಾಗೆ ಬೇಯಿಸುತ್ತಿದ್ದಾನೆಯೇ, ಇಲ್ಲ ನೀವೆಲ್ಲ ಇನ್ನೂ ಅಂಟನ್ನೇ ತಿನ್ನುತ್ತಿದ್ದೀರಾ? ಎಂಜಿನ್ ಕೋಣೆಯ ಸೆಕೆಯಲ್ಲಿ ನೀರು ಕುಡಿಯುವುದನ್ನು ಮರೆಯಬಾರದಂತೆ, ಅಮ್ಮ ಹೇಳಿದ್ದಾಳೆ. ಅವಳು ಆರಾಮವಾಗಿದ್ದಾಳೆ. ಅಪ್ಪನೂ ಈಗ ಆರಾಮ. ಈ 'ಈಗ' ಯಾಕೆ ಬಂತೆಂದು ಮುಂದೆ ಹೇಳುತ್ತೇನೆ. ಗಾಬರಿಯಾಗಬೇಡ, ಆದರೆ ಪೂರ್ತಿ ಓದು. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದಾಗದು.

ಹೋದ ಬಂದರಿನಿಂದ ಮಾತಾಡಿದಾಗ ನೀನು ಕೊಟ್ಟ ಅಪ್ಪಣೆಗಳು ನನಗೆ ನೆನಪಿವೆ. ತಾರಸಿಯ ಸೊಪ್ಪಿನ ಕುಂಡಗಳನ್ನೆಲ್ಲ ತೆಗೆಸಬೇಕು. ನಿನ್ನ ಸ್ನೇಹಿತನ ಕೈಯಲ್ಲಿ ಕಳಿಸಿದ ಗಿಡಮೂಲಿಕೆಯ ಗುಳಿಗೆಗಳನ್ನು ಅಪ್ಪನಿಗೆ ದಿನಾ ಕೊಡಬೇಕು. ಅಣ್ಣಾ, ಎರಡನ್ನೂ ನಾನು ಮಾಡಿಲ್ಲ, ಮಾಡುವುದೂ ಇಲ್ಲ. ಕುಂಡಗಳು ಇದ್ದಲ್ಲೇ ಇವೆ. ಪಾಲಕ್ ಕುಂಡದ ಪಕ್ಕದಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ.

ಹೃದಯದ ಕವಾಟ ಬದಲಾಯಿಸಿದಾಗಿನಿಂದ ರಕ್ತ ಹೆಪ್ಪುಗಟ್ಟದಿರಲೆಂದು ಅಪ್ಪ ಮಾತ್ರೆ ನುಂಗುತ್ತಿರುವುದು, ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಹೋಗುವುದು ನಿನಗೆ ಗೊತ್ತೇ ಇದೆ. ಸೊಪ್ಪು ಆ ಮಾತ್ರೆಯ ಕೆಲಸ ಕೆಡಿಸುತ್ತದೆಂದು ಯಾರೋ ನಿನ್ನ ಕಿವಿಗೆ ಹಾಕಿದರು. ರಜೆಗೆ ಬಂದಾಗ, "ಇನ್ನೊಂದ್ಸಲ ರಿಪೋರ್ಟ್ ಕೆಟ್ಟು ಬಂದ್ರೆ ಇಲ್ಲಿ ಒಂದು ಕುಂಡಾನೂ ಇರಲ್ಲ" ಎಂದು ಗದರಿ ಹೋದೆ. ಅಪ್ಪ ಕಿತ್ತ ಮೆಂತ್ಯದ ಬೇರಿನಿಂದ ಮಣ್ಣು ಕೊಡವುತ್ತ ನಿಂತಿದ್ದರು. ಅವರು ಒಪ್ಪಿದರೆಂದು ನೀನಂದುಕೊಂಡೆ.

ಹೋದ ತಿಂಗಳು ಒಂದು ಬೆಳಗ್ಗೆ ಅವರ ಬಲಗೈಯಿಂದ ಚಹಾದ ಲೋಟ ಜಾರಿತು. ನನ್ನನ್ನು ಕರೆಯಲು ಬಾಯಿ ತೆರೆದರು, ಮಾತು ಬರಲಿಲ್ಲ. ಇಡೀ ತರಗತಿಯ ಹಾಜರಿಯನ್ನು ಪುಸ್ತಕ ನೋಡದೆ ಕೂಗುತ್ತಿದ್ದ ಹೆಡ್‌ಮಾಸ್ತರರು ನನ್ನ ಮುಖ ನೋಡುತ್ತ ಸುಮ್ಮನೆ ತುಟಿ ಆಡಿಸುತ್ತಿದ್ದರು. ಹೊಲಿಯುತ್ತಿದ್ದ ಬಟ್ಟೆಯನ್ನು ಮೆಷಿನ್ನಿನಲ್ಲೇ ಬಿಟ್ಟು ಅವರನ್ನು ಕರೆದುಕೊಂಡು ಓಡಿದೆ. ಆಸ್ಪತ್ರೆಯ ಬಾಗಿಲಿನಲ್ಲಿ ಅವರ ನಾಲಿಗೆ ಹೊರಳಿತು. ಮೊದಲು ಬಂದ ಮಾತು "ಗುಂಡುಸೂಜಿ". ಅಲ್ಲಿದ್ದ ನರ್ಸ್ ಎಲ್ಲಿ ಚುಚ್ಚಿತು ಎಂದು ಕೇಳಿದಳು. ಅದು ನನ್ನನ್ನು ಮನೆಯಲ್ಲಿ ಕರೆಯುವ ಹೆಸರು ಎಂದು ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಚಿಕ್ಕದೊಂದು ಹೆಪ್ಪು ತಲೆಗೆ ಹೋಗಿ ಅದೃಷ್ಟಕ್ಕೆ ಕರಗಿತ್ತು. ಡಾಕ್ಟರಮ್ಮನಿಗೆ ಒಂದೇ ಅನುಮಾನ. ಸ್ವಲ್ಪ ದಿನದ ಹಿಂದಿನ ಪರೀಕ್ಷೆಯಲ್ಲಿ ರಕ್ತ ಬೇಕಾದ್ದಕ್ಕಿಂತ ತೆಳುವಾಗಿತ್ತೆಂದು ಅವರೇ ಮಾತ್ರೆ ಕಡಿಮೆ ಮಾಡಿದ್ದರು. ಅಷ್ಟು ಬೇಗ ಇಷ್ಟು ಮಂದವಾದದ್ದು ಹೇಗೆ? ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ಉತ್ತರ ಕೊಟ್ಟದ್ದು ಅಮ್ಮ.

"ಪರೀಕ್ಷೆ ಹತ್ರ ಬಂದ್ರೆ ಇವರು ಸೊಪ್ಪು ಮುಟ್ಟೋದೇ ಇಲ್ಲ ಡಾಕ್ಟ್ರೇ. ಮುಗಿದ್ಮೇಲೆ ಬೋಗುಣಿ ತುಂಬ ತಿಂತಾರೆ. ಇನ್‌ಸ್ಪೆಕ್ಟರ್ ಬರೋ ಮುಂಚೆ ಶಾಲೆಗೆ ಸುಣ್ಣ ಹೊಡೆಸ್ತಿದ್ದೋರು ನೋಡಿ, ಈಗ ರಕ್ತಕ್ಕೂ ಹೊಡೆಸ್ತಾರೆ."

ಡಾಕ್ಟರಮ್ಮ ಮೊದಲು ನಕ್ಕರು. ಆಮೇಲೆ ಪೆನ್ನು ಕೆಳಗಿಟ್ಟರು. ಅವರು ಅಷ್ಟು ದಿನ ಅಳೆದದ್ದು ಸೊಪ್ಪು ಬಿಟ್ಟ ಮನುಷ್ಯನನ್ನು. ಮಾತ್ರೆ ನುಂಗುತ್ತಿದ್ದವನು ಸೊಪ್ಪು ತಿನ್ನುವ ಬೇರೊಬ್ಬ. ರಕ್ತ ಹೆಪ್ಪುಗಟ್ಟಲು ಬೇಕಾದ ಸತ್ವ ಸೊಪ್ಪಿನಲ್ಲಿದೆ, ಅದು ಒಳ್ಳೆಯದೇ. ಮಾತ್ರೆ ಅದನ್ನು ಇನ್ನೊಂದು ಕಡೆಗೆ ಎಳೆಯುತ್ತದೆ. ಒಂದು ದಿನ ಉಪವಾಸ, ಒಂದು ದಿನ ಹಬ್ಬದೂಟ ಎಂದರೆ ಯಾವ ಮಾತ್ರೆಯೂ ಲೆಕ್ಕ ಹಿಡಿಯಲಾರದು. "ಸೊಪ್ಪು ಬಿಡಿ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ ಮೇಷ್ಟ್ರೇ?" ಎಂದು ಕೇಳಿದರು. "ದಿನಾ ಒಂದೇ ಅಳತೆ ತಿನ್ನಿ. ಮಾತ್ರೇನ ಅದಕ್ಕೆ ಹೊಂದಿಸೋದು ನನ್ನ ಕೆಲಸ."

ಇದು ನನಗೆ ಚೆನ್ನಾಗಿ ಅರ್ಥವಾಗುವ ಮಾತು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳನ್ನು ನಾನು ದಿನಾ ನೋಡುತ್ತೇನೆ. ಹೊಲಿದು ಕೊಟ್ಟ ಮೇಲೆ ಗುಂಡಿ ಹಾಕಲಾಗದೆ ನನ್ನನ್ನು ಬಯ್ಯುತ್ತಾರೆ. ಆದರೆ ಅಪ್ಪ ಹೊಟ್ಟೆ ಒಳಗೆಳೆದುಕೊಂಡದ್ದು ಯಾರ ಭಯಕ್ಕೆ, ಅಣ್ಣಾ? ಮನೆಗೆ ಬರುವಾಗ ದಾರಿಯಲ್ಲಿ ಅವರೇ ಹೇಳಿದರು: "ರಿಪೋರ್ಟ್ ಕೆಟ್ರೆ ಅವನು ಕುಂಡ ಎಸೀತಾನೆ." ಇದನ್ನು ಬರೆಯದೆ ಬಿಡಬಹುದಿತ್ತು. ಬಿಡಲು ಮನಸ್ಸಿಲ್ಲ. ನಿನ್ನ ಕಾಳಜಿಗೆ ನಾನು ತಲೆ ಬಾಗುತ್ತೇನೆ, ನಿನ್ನ ಗದರಿಕೆಗಲ್ಲ. ಅದು ಅವರಿಂದ ಸೊಪ್ಪನ್ನು ಬಿಡಿಸಲಿಲ್ಲ, ನಿಜ ಹೇಳುವುದನ್ನು ಬಿಡಿಸಿತು.

ಈಗ ಅಮ್ಮ ದಿನಾ ಅದೇ ಪುಟ್ಟ ಬಟ್ಟಲಿನಲ್ಲಿ ಬೇಯಿಸಿದ ಸೊಪ್ಪು ಕೊಡುತ್ತಾಳೆ. ಪರೀಕ್ಷೆಯ ದಿನವೂ ಅಷ್ಟೇ. ಇನ್ನೊಂದು ಚಮಚ ಕೇಳಿದರೆ, "ನಿಮ್ಮ ಇನ್‌ಸ್ಪೆಕ್ಟರ್ ಈಗ ನಾನೇ" ಎನ್ನುತ್ತಾಳೆ. ಪರೀಕ್ಷೆಗೆ ಸದ್ಯ ಬೇಗ ಬೇಗ ಬರಹೇಳಿದ್ದಾರೆ. ಮೊನ್ನೆಯದು ಸರಿಯಾಗಿ ಬಂತು.

ಇನ್ನು ನಿನ್ನ ಗುಳಿಗೆಯ ಸೀಸೆ. ನಾನು ಅದನ್ನು ಬಿಚ್ಚಲಿಲ್ಲ, ಹಾಗೇ ಡಾಕ್ಟರಮ್ಮನ ಮುಂದಿಟ್ಟೆ. ಅವರು ಗಿಡಮೂಲಿಕೆಯನ್ನು ಹೀಗಳೆಯಲಿಲ್ಲ; ತಾವು ಕೊಡುವ ಔಷಧಿಗಳಲ್ಲೂ ಎಷ್ಟೋ ಗಿಡಗಳಿಂದ ಬಂದವೇ ಎಂದರು. ಆದರೆ ಈ ಗುಳಿಗೆಯಲ್ಲಿರುವ ಬೇರುಗಳಲ್ಲಿ ಕೆಲವು ತಾವೇ ರಕ್ತವನ್ನು ತೆಳು ಮಾಡುವಂಥವು. ಅಪ್ಪನ ಮಾತ್ರೆಯ ಜೊತೆ ಸೇರಿದರೆ ಒಳಗೊಳಗೇ ರಕ್ತ ಸೋರಬಹುದು. "ಬರೀ ಬೇರು, ಎಲೆ, ಏನೂ ಆಗಲ್ಲ" ಎಂದೆಯಲ್ಲ ನೀನು? ಕುಂಡದ ಸೊಪ್ಪು ಅಪ್ಪನನ್ನು ಕೊಲ್ಲುವಷ್ಟು ಬಲವಾದದ್ದು, ಸೀಸೆಯ ಬೇರು ಮಾತ್ರ ಇರುವೆಗೂ ನೋವು ಮಾಡದ್ದು. ಇದು ಯಾವ ನ್ಯಾಯವೋ ನನಗೆ ತಿಳಿಯದು. ಸೀಸೆ ನನ್ನ ಗುಂಡಿಗಳ ಕಪಾಟಿನಲ್ಲಿ ಬೀಗದೊಳಗಿದೆ. ಬಂದಾಗ ನಿನ್ನ ಕೈಗೇ ಕೊಡುತ್ತೇನೆ. ಕೋಪ ಮಾಡಿಕೊಳ್ಳುವುದಾದರೆ ಮಾಡಿಕೋ; ಕುಂಡ ಮುಟ್ಟುವ ಮೊದಲು ನನ್ನನ್ನು ದಾಟಿ ಹೋಗಬೇಕಾಗುತ್ತದೆ.

ಅಪ್ಪ ಅಮ್ಮ ಇಬ್ಬರೂ ಆಶೀರ್ವಾದ ಹೇಳಿದ್ದಾರೆ. ನನ್ನಿಂದ ಸದ್ಯಕ್ಕೆ ಜಗಳ, ಅದರಷ್ಟೇ ಪ್ರೀತಿ.

ನಿನ್ನ
ಗುಂಡುಸೂಜಿ

ಮರೆತ ಮಾತು: ಮರೆತಿದ್ದಲ್ಲ, ಅಮ್ಮ ಓದಿ ಕೆಳಗೆ ಹೋಗಲೆಂದು ಕಾದೆ. ಅಂಚೆ ಕಚೇರಿ ಮುಚ್ಚುವ ಹೊತ್ತು, ಚುಟುಕಾಗಿ ಬರೆಯುತ್ತೇನೆ. "ನಾನೂ ಅದೇ ಗುಳಿಗೆ ತಗೋತಿದ್ದೀನಿ, ಎಂಜಿನ್ ಕೋಣೆ ಮೆಟ್ಟಿಲು ಹತ್ತೋವಾಗ ಬರೋ ಏದುಸಿರಿಗೆ ಒಳ್ಳೇದು" ಎಂದೆ ನೀನು ಫೋನಿನಲ್ಲಿ. ಅಪ್ಪನಿಗೂ ಶುರುವಾದದ್ದು ಮೆಟ್ಟಿಲಿನ ಏದುಸಿರೇ. ಅವರ ಕವಾಟದ ದೋಷ ಕೆಲವು ಮನೆಗಳಲ್ಲಿ ಮಕ್ಕಳಿಗೂ ಬರುತ್ತದೆಯಂತೆ. ನಾನು ತೋರಿಸಿಕೊಂಡೆ, ನನ್ನದು ಸರಿಯಿದೆ. ಮುಂದಿನ ಬಂದರಿನಲ್ಲಿ ಇಳಿದ ಕೂಡಲೇ ನೀನೂ ಎದೆ ತೋರಿಸು. ಏದುಸಿರಿನ ವಿಷಯ ಹೇಳು, ಗುಳಿಗೆಯದನ್ನೂ ಹೇಳು. ಸುಣ್ಣ ಹೊಡೆಸಿಕೊಂಡು ಹೋಗಬೇಡ.